ಧೂಪದ ಮರ ಹೋದ ಊರು

ನನ್ನ ಅಪ್ಪ ಭದ್ರಾವತಿಯ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದರು. ಮೀಸೆ ಚಿಗುರುವ ವಯಸ್ಸಿಗೆ ಆ ಕೆಲಸಕ್ಕೆ ಸೇರಿದವರು, ಮಿಲ್ಲಿನ ಬಾಗಿಲು ಮುಚ್ಚುವವರೆಗೆ ಬೇರೆ ಕಡೆ ತಿರುಗಿ ನೋಡಲಿಲ್ಲ. ಘಟ್ಟದ ಕಡೆಯಿಂದ ಲಾರಿಯಲ್ಲಿ ಬಂದ ದಿಮ್ಮಿಗಳನ್ನು ಗರಗಸದ ಬಾಯಿಗೆ ಕೊಟ್ಟು ಹಲಗೆ, ಪಟ್ಟಿ, ತೊಲೆ ಮಾಡುವುದು ಅವರ ಕೆಲಸ. ಸಂಜೆ ಮನೆಗೆ ಬಂದರೆ ತಲೆಗೂದಲಿನಲ್ಲಿ, ಕಿವಿಯೊಳಗೆ, ರೆಪ್ಪೆಯ ಮೇಲೆಲ್ಲ ಮರದ ಹುಡಿ. ಅಮ್ಮ ಅವರನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಜಗಲಿಯಲ್ಲಿ ನಿಲ್ಲಿಸಿ ಪೊರಕೆಯಿಂದಲೇ ಹುಡಿ ಕೊಡವುತ್ತಿದ್ದಳು. ಆ ಹುಡಿಯ ವಾಸನೆಯಿಂದಲೇ ಇವತ್ತು ಯಾವ ಮರ ಕೊಯ್ದು ಬಂದಿದ್ದಾರೆ ಎಂದು ನಾನೂ ಅಮ್ಮನೂ ಹೇಳಬಹುದಿತ್ತು.

ಗರಗಸದ ಸದ್ದು ಅವರ ಕಿವಿಯನ್ನು ನಿಧಾನವಾಗಿ ತಿಂದಿತ್ತು. ನನ್ನ ಮದುವೆಯ ಹೊತ್ತಿಗೆ ಪುರೋಹಿತರ ಮಂತ್ರವೂ ಅವರಿಗೆ ಕೇಳಿಸಲಿಲ್ಲ. ಹತ್ತಿರ ಬಂದು ಗಟ್ಟಿಯಾಗಿ ಹೇಳಿದರೆ ಅರ್ಥವಾಗುತ್ತಿತ್ತು. ತಮಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂದುಕೊಂಡವರಂತೆ ಅವರೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

ತೊಂಬತ್ತರ ದಶಕದ ನಡುವೆ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತಿತು. ಮೊದಲು ಲಾರಿಗಳು ಕಡಿಮೆಯಾದವು, ಆಮೇಲೆ ಮಿಲ್ಲು ಮುಚ್ಚಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಒಬ್ಬಳೇ ಮಗಳಾದ ನಾನು ಅಪ್ಪನನ್ನು ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆ. ನನ್ನ ಗಂಡನದು ಸವಳಂಗ ರಸ್ತೆಯಲ್ಲಿ ಔಷಧಿ ಅಂಗಡಿ. ಮನೆಯಲ್ಲಿ ಬೇಜಾರು ಎಂದು ಅಪ್ಪ ಅಲ್ಲಿ ಹೋಗಿ ಕೂರತೊಡಗಿದರು. ಯಾರಾದರೂ ಬಂದು ಪಿಸುದನಿಯಲ್ಲಿ ಏನೋ ಕೇಳಿದರೆ ಇವರು ಕಿವಿಗೆ ಕೈ ಅಡ್ಡ ಹಿಡಿದು, "ಏನು, ಭೇದಿಗಾ? ಎಷ್ಟು ದಿವಸದಿಂದ?" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗುವರು. ಗಿರಾಕಿಗಳು ಎದುರಿನ ಅಂಗಡಿಗೆ ಹೋಗಲು ಶುರುಮಾಡಿದಾಗ ನನ್ನ ಗಂಡ ಪಾಪ, ಏನೂ ಹೇಳಲಾರದೆ ಒದ್ದಾಡಿದರು.

ಆ ಅಂಗಡಿಗೆ ಬರುತ್ತಿದ್ದವರಲ್ಲಿ ಒಬ್ಬರು ಹೈಸ್ಕೂಲು ಮೇಷ್ಟ್ರು. ರಜೆಯಲ್ಲಿ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಘಟ್ಟದ ಕಾಡಿಗೆ ನಡೆಯಲು ಹೋಗುವುದು ಅವರ ಹುಚ್ಚು. ಒಂದು ದಿನ ನನ್ನನ್ನೂ ನನ್ನ ಗಂಡನನ್ನೂ ಕರೆದರು. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ನನ್ನ ಗಂಡ ಹೇಳುತ್ತಿದ್ದಾಗ, ಕುರ್ಚಿಯಲ್ಲಿದ್ದ ಅಪ್ಪ ಕೇಳಿದರು: "ಎಲ್ಲಿಗಂತೆ?"

"ಕಾಡಿಗೆ ಅಪ್ಪ, ಕಾಡಿಗೆ. ಮರ ನೋಡೋಕೆ" ಎಂದೆ ನಾನು.

"ನಾನು ಬರ್ತೀನಿ" ಎಂದರು.

ನಾನು ಬೇಡವೆಂದೆ. ಅರವತ್ತು ದಾಟಿದ ಕಾಲು, ಏರು ದಾರಿ, ಕಿವಿ ಬೇರೆ ಇಲ್ಲ. ಅಪ್ಪ ಒಂದೇ ಮಾತು ಹೇಳಿದರು: "ಜೀವಮಾನ ಎಲ್ಲ ಮರ ಮಲಗಿದ್ದನ್ನೇ ನೋಡಿದೀನಿ. ನಿಂತಿರೋದನ್ನ ಒಂದ್ಸಲ ನೋಡಬೇಕು." ಅವರು ಘಟ್ಟದ ಕಾಡಿಗೆ ಯಾವತ್ತೂ ಹೋಗಿಯೇ ಇರಲಿಲ್ಲ ಎಂಬುದು ನನಗೆ ಅವತ್ತು ಹೊಳೆಯಿತು.

ಮಳೆಗಾಲ ಮುಗಿದು ಚಳಿ ಇನ್ನೂ ಹಿಡಿಯದ ದಿನಗಳು. ಬೆಳಗ್ಗೆ ಬಾಡಿಗೆಯ ವ್ಯಾನು ಹತ್ತಿ ಗಾಜನೂರು ದಾಟಿ, ತೀರ್ಥಹಳ್ಳಿಯಲ್ಲಿ ತಿಂಡಿ ತಿಂದು, ಅಲ್ಲಿಂದ ಮೇಲಕ್ಕೆ ಹೋದೆವು. ಡಾಂಬರು ಮುಗಿಯುವಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು. ಐವತ್ತರ ಆಸುಪಾಸು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಸೊಂಟದಲ್ಲಿ ಕತ್ತಿ. ಹಸಲರ ಬುಡಕಟ್ಟಿನವಳು. ಅವಳ ಹಿರೀಕರೆಲ್ಲ ಆ ಕಾಡಿನೊಳಗೇ ಇದ್ದವರು. ಈಗ ಅವರ ಕೇರಿ ರಸ್ತೆಯ ಬದಿಗೆ ಬಂದಿತ್ತು. ಸೀಗೆ, ಮುರುಗಲಿನ ಹುಳಿಹಣ್ಣು, ಜೇನು ತರಲು ಅವರು ಕಾಡಿಗೆ ಹೋಗಿಬರುತ್ತಿದ್ದರು.

"ಇವತ್ತು ನಾವೆಲ್ಲ ಇವರ ಹಿಂದೆ" ಎಂದು ಮೇಷ್ಟ್ರು ನಮಗೆ ಹೇಳಿದರು. "ಇವರು ನಿಂತ್ರೆ ನಿಲ್ಲಬೇಕು, ನಡೆದ್ರೆ ನಡೀಬೇಕು. ಮಾತು ಕಡಿಮೆ."

ಕಾಡಿನ ಅಂಚಿನಲ್ಲಿ ಒಂದು ಕಲ್ಲಿತ್ತು. ಅವಳು ಒಂದು ಚಿಗುರು ಮುರಿದು ಕಲ್ಲಿನ ಮೇಲಿಟ್ಟು ಏನೋ ಗೊಣಗಿಕೊಂಡಳು. ಏನು ಹೇಳಿದ್ದು ಎಂದು ನಾನು ಕೇಳಿದೆ.

"ಎಂತ ಇಲ್ಲ ಅಮ್ಮ. ಪ್ಯಾಟೆಯೋರು ಬಂದಾರೆ, ಸಂಜೆಗೆ ವಾಪಸ್ ಹೋಗ್ತಾರೆ ಅಂದೆ."

ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಬಿಸಿಲು ಮಾಯವಾಯಿತು. ಕಾಡು ಎಂದರೆ ನಾನು ಭದ್ರಾವತಿಯ ಸುತ್ತಮುತ್ತಲಿನ ಕುರುಚಲು ಗುಡ್ಡಗಳನ್ನು ಕಂಡವಳು. ಇಲ್ಲಿ ಆಕಾಶವೇ ಇರಲಿಲ್ಲ. ಕಂಬದ ಮೇಲೆ ಕಂಬ, ಮೇಲೆಲ್ಲೋ ಹಸಿರು ಚಾವಣಿ, ಕೆಳಗೆ ಒದ್ದೆ ಎಲೆಯ ಮೆತ್ತೆ. ರಕ್ತ ಹೀರುವ ಉಂಬಳಗಳು ನಮ್ಮ ಕಾಲಿನ ಸದ್ದಿಗೆ ತಲೆಯೆತ್ತಿ ನಿಂತಿದ್ದವು. ಅವಳು ಸುಣ್ಣ, ಹೊಗೆಸೊಪ್ಪು ಕಲಸಿ ಎಲ್ಲರ ಪಾದಕ್ಕೆ ಹಚ್ಚಿದಳು. ಅಪ್ಪನ ಕಾಲಿಗೂ ಬಗ್ಗಿ ಹಚ್ಚಲು ಹೋದಾಗ ಅಪ್ಪ ಗಾಬರಿಯಾಗಿ ಹಿಂದೆ ಸರಿದು, "ಕಾಲು ಮುಟ್ಟಬೇಡಮ್ಮ, ಕೊಡಿಲ್ಲಿ, ನಾನೇ ಹಚ್ಕೊಳ್ತೀನಿ" ಎಂದು ಕೂಗಿದರು. ಮೇಲೆ ಎಲ್ಲೋ ಇದ್ದ ಕೋತಿಗಳ ಹಿಂಡು ಆ ದನಿಗೆ ಚದುರಿ ಓಡಿತು.

ಜೊತೆಗೆ ಬಂದವರಲ್ಲಿ ಕೆಲವರಿಗೆ ಕಿರಿಕಿರಿಯಾಯಿತು. ಅವಳು ಮಾತ್ರ ನಕ್ಕಳು. ಅವಳ ಕಾಡು ಹೆಚ್ಚಾಗಿ ಕಿವಿಯಲ್ಲಿತ್ತು. ಸ್ವಲ್ಪ ದೂರಕ್ಕೊಮ್ಮೆ ನಿಂತು, ತಲೆ ಓರೆ ಮಾಡಿ, ಬೆರಳೆತ್ತುವಳು. ಆಗ ನಮಗೂ ಕೇಳಿಸುತ್ತಿತ್ತು. ದೊಡ್ಡ ರೆಕ್ಕೆಯೊಂದು ಗಾಳಿಯನ್ನು ಸೀಳಿಕೊಂಡು ಹೋಗುವ ಸದ್ದು. "ಮಂಗಟ್ಟೆ" ಎನ್ನುವಳು. ಎಲ್ಲರೂ ಕಣ್ಣು ಮುಚ್ಚಿ ಕೇಳುತ್ತಿದ್ದರೆ ಅಪ್ಪ ಒಬ್ಬರೇ ಕಣ್ಣು ಬಿಟ್ಟುಕೊಂಡು ನಮ್ಮ ಮುಖಗಳನ್ನು ನೋಡುತ್ತಿದ್ದರು. ನಾನು ಬೇರೆ ಕಡೆ ನೋಡಿದೆ.

ಅಪ್ಪನಿಗೆ ಕೇಳಿಸುತ್ತಿಲ್ಲವೆಂದು ಅವಳಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಅವಳು ಅಪ್ಪನ ಪಕ್ಕದಲ್ಲಿ ನಡೆದಳು. ಒಂದು ಮರದ ಹತ್ತಿರ ನಿಲ್ಲಿಸಿ ಅವರ ಅಂಗೈ ಹಿಡಿದು ಕಾಂಡದ ಮೇಲಿಟ್ಟಳು. "ಅಯ್ಯಾ, ಇದ್ಯಾವುದು ಹೇಳಿ ನೋಡುವಾ" ಎಂದು ಕಿವಿಯ ಹತ್ತಿರ ಬಂದು ಕೇಳಿದಳು. ಅಪ್ಪ ಮೇಲೆ ನೋಡಿದರು. ಎಲೆ ಕಾಣದಷ್ಟು ಎತ್ತರ. ತೊಗಟೆ ಸವರಿದರು. ತಲೆಯಾಡಿಸಿದರು, ಗೊತ್ತಿಲ್ಲ ಎಂದು. ಅವಳು ಕತ್ತಿಯ ತುದಿಯಿಂದ ತೊಗಟೆಯನ್ನು ಚೂರೇ ಕೆರೆದಳು. ಅಪ್ಪ ಮೂಗು ಹತ್ತಿರ ತಂದರು. ತಕ್ಷಣ ಅವರ ಮುಖವೇ ಬದಲಾಯಿತು.

"ಹೆಬ್ಬಲಸು!" ಎಂದರು. ಗುರುತಿನವರು ಸಂತೆಯಲ್ಲಿ ಸಿಕ್ಕಿದಾಗ ಬರುವಂಥ ದನಿ ಅದು.

ಆಮೇಲೆ ಅದು ಇಬ್ಬರ ನಡುವಿನ ಆಟವಾಯಿತು. ಅವಳು ಕೆರೆಯುವಳು, ಇವರು ಮೂಸುವರು. ಸುರಹೊನ್ನೆ. ರಾಮಪತ್ರೆ. ನಂದಿ. ಒಂದೆರಡು ಮರ ಇವರಿಗೆ ಗೊತ್ತಾಗಲಿಲ್ಲ. "ಇದು ನಮ್ಮ ಮಿಲ್ಲಿಗೆ ಬಂದಿಲ್ಲ" ಎಂದರು. "ಹಂಗಾರೆ ಒಳ್ಳೇದಾಯ್ತು" ಎಂದಳು ಅವಳು. ಇಬ್ಬರೂ ನಕ್ಕರು. ಅಯ್ಯಾ ಎನ್ನಬೇಡ, ನಾನು ಕೂಲಿ ಮಾಡಿದವನು, ಅಣ್ಣ ಅನ್ನು ಎಂದು ಅಪ್ಪ ಹೇಳಿದ್ದು ಅಲ್ಲೇ ಎಲ್ಲೋ.

ಇನ್ನೊಂದು ಮರದ ಬುಡದಲ್ಲಿ ತೊಗಟೆ ಕೆರೆದಾಗ ಬಿಳಿಯ ಅಂಟು ಒಸರಿತು. ಅಪ್ಪ ಅದನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿದರು. "ಧೂಪ. ಇದನ್ನ ಕೊಯ್ಯುವಾಗ ಗರಗಸ ಕಚ್ಕೊಳ್ಳುತ್ತೆ. ಸೀಮೆಎಣ್ಣೆ ಹಾಕಿ ಒರೆಸಬೇಕು. ಎಷ್ಟು ಕೊಯ್ದಿದೀನೋ, ಲೆಕ್ಕ ಇಲ್ಲ."

ಅವರು ಅದನ್ನು ಕಾಡೆಲ್ಲ ಕೇಳುವಂತೆ ಹೇಳಿದರು. ಮುಂದೆ ಹೋಗುತ್ತಿದ್ದವರು ತಿರುಗಿ ನೋಡಿದರು. ಬೆಳಗ್ಗೆ ವ್ಯಾನಿನಲ್ಲಿ ಬರುವಾಗ ಕಾಡು ಕಡಿದವರನ್ನು ಬಾಯಿಗೆ ಬಂದಂತೆ ಬೈದಿದ್ದ ಒಬ್ಬ ತರುಣ ಮುಖ ಸಿಂಡರಿಸಿದ. ಅಪ್ಪ ಅದನ್ನೂ ಕಂಡರು. "ಹೌದಪ್ಪ, ನಾನೇ" ಎಂದರು.

ಅವಳು ಆ ತರುಣನ ಕಡೆ ತಿರುಗಿದಳು. "ಸೀಳಿದೋರು ಇವ್ರು. ಕಡಿದೋರು ನಾವು. ನಮ್ಮಪ್ಪ ಕಂತ್ರಾಟುದಾರನ ಕೂಲಿಗೆ ಹೋಗ್ತಿದ್ದ, ನಮ್ಮ ದೊಡ್ಡಪ್ಪನೂ. ಹೊಟ್ಟೆಗೆ ಬೇಕಲ" ಎಂದಳು. ಆಮೇಲೆ "ಬನ್ನಿ, ಇಲ್ಲೇ ಹತ್ರ" ಎಂದು ದಾರಿ ಬಿಟ್ಟು ಬಲಕ್ಕೆ ಇಳಿದಳು.

ಹಳ್ಳದ ಪಕ್ಕ ಒಂದು ಹಳೆಯ ಬೊಡ್ಡೆ ಇತ್ತು. ನಡುವೆ ಕೊಳೆತು ಗುಳಿಯಾಗಿ, ಜರಿಗಿಡ ಬೆಳೆದು, ನಮ್ಮೂರಿನ ಬಾವಿಕಟ್ಟೆಯಷ್ಟು ಅಗಲವಾಗಿತ್ತು. ಅವಳು ಅದರ ಅಂಚಿನಲ್ಲಿ ಕೂತು ಅಪ್ಪನನ್ನೂ ಕೂರಿಸಿಕೊಂಡಳು. ನಾನು ನಿಂತೇ ಇದ್ದೆ. ಅವಳು ಹೇಳಿದ್ದರಲ್ಲಿ ಅಪ್ಪನಿಗೆ ಕೇಳಿಸದ್ದನ್ನು ನಾನು ಅವರ ಕಿವಿಯಲ್ಲಿ ಹೇಳಿದೆ.

ಅದೂ ಧೂಪದ ಮರವೇ. ಅವಳು ಸಣ್ಣ ಹುಡುಗಿಯಾಗಿದ್ದಾಗ ಅವಳ ಅಪ್ಪ ಅದನ್ನು ಕಡಿದ. ದಿಮ್ಮಿಯನ್ನು ಲಾರಿಗೆ ಏರಿಸುವಾಗ ಹಗ್ಗ ಕಿತ್ತುಬಂದು ಅದು ಅವನ ಮೇಲೆಯೇ ಉರುಳಿತು. ಅಲ್ಲೇ ಜೀವ ಹೋಯಿತು.

"ಅವತ್ತೇ ಸಂಜೆ ಲಾರಿ ಹೋಯ್ತು ಅಣ್ಣ. ಅಪ್ಪನ್ನ ಮನೆಗೆ ತರೋ ಮೊದ್ಲೇ ಮರ ಪ್ಯಾಟೆಗೆ ಹೋಯ್ತು" ಎಂದಳು. "ಅಪ್ಪನ್ನ ಹೊಳೆ ದಂಡೆಯಾಗೆ ಮಣ್ಣು ಮಾಡಿದ್ರು. ಆಮೇಲೆ ಡ್ಯಾಮ್ ಕಟ್ಟಿದ್ರಲ, ಅದೂ ಹಿನ್ನೀರಾಗೆ ಹೋಯ್ತು. ಈಗ ಅಪ್ಪಂದು ಅಂತ ಎಂತೂ ಇಲ್ಲ. ಈ ಬೊಡ್ಡೆ ಒಂದು. ಇದೂ ಇನ್ನೊಂದೆರಡು ಮಳೆಗಾಲ."

ಅಪ್ಪ ಬೊಡ್ಡೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು.

"ಅಣ್ಣ, ಆ ಮರ ಎಲ್ಲಿಗೆ ಹೋಗಿರಬೌದು? ಭದ್ರಾವತಿ ಕಡೆ ಅಂತ ಯಾರೋ ಅಂದಿದ್ರು."

ಅಪ್ಪನಿಗೆ ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಹೇಳಿದೆ. "ಕೇಳಿಸ್ತು" ಎಂದರು.

ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಹಾಡಿಕೊಂಡು ಬಂದರು. ಅಪ್ಪ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಮನೆಗೆ ಬಂದ ಮೇಲೆ ಹೇಳಿದರು: "ಆ ಕಾಲಕ್ಕೆ ಆ ಕಡೆ ಮರ ಬರ್ತಿದ್ದದ್ದು ನಮ್ಮ ಮಿಲ್ಲಿಗೂ ಹೌದು, ಬೇರೆ ಮಿಲ್ಲಿಗೂ ಹೌದು. ನನ್ನ ಕೈಗೇ ಬಂದಿರಬಹುದು. ಬರದೇನೂ ಇರಬಹುದು."

"ಗೊತ್ತಾಗೋ ಹಾಗೇ ಇಲ್ವಲ್ಲ ಅಪ್ಪ. ಬಿಡಿ."

"ಧೂಪದ ಮರ ಬಾಳಿಕೆಗೆ ಬರಲ್ಲ. ಮನೆಗೆ ಯಾರೂ ಹಾಕಲ್ಲ. ಪ್ಯಾಕಿಂಗ್ ಡಬ್ಬಿ, ಸೆಂಟ್ರಿಂಗ್ ಹಲಗೆ. ಕೆಲಸ ಮುಗಿದ ಮೇಲೆ ಒಲೆಗೆ." ಅಂದು ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ, ನಮಗೆ ಕಾಡು ತೋರಿಸಿದವಳ ಮಗಳನ್ನು ಹೆರಿಗೆಗೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದರು. ಮೇಷ್ಟ್ರು ಬಂದು ತಿಳಿಸಿದಾಗ ನಾನು ಬುತ್ತಿ ತೆಗೆದುಕೊಂಡು ಹೋದೆ. ಕಾಡಿನಲ್ಲಿ ಒಂದು ಎಲೆ ಅಲುಗಿದರೂ ಗುರುತಿಸುತ್ತಿದ್ದ ಹೆಂಗಸು ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಅಂಟಿಕೊಂಡು, ಬರುವ ಹೋಗುವವರಿಗೆಲ್ಲ ಜಾಗ ಬಿಡುತ್ತ ಕೂತಿದ್ದಳು. ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಗಳ ಅತ್ತೆ ಬಂದು ಆಸ್ಪತ್ರೆಯಲ್ಲಿ ನಿಂತ ಮೇಲೆ ಇವಳನ್ನು ನಾನು ಮನೆಗೆ ಕರೆತಂದೆ, ಸ್ನಾನ ಊಟಕ್ಕೆಂದು.

ಅಪ್ಪನನ್ನು ಕಂಡು ಅವಳ ಮುಖ ಅರಳಿತು. ಊಟವಾದ ಮೇಲೆ ಕೇಳಿದಳು: "ಅಣ್ಣ, ಭದ್ರಾವತಿ ಇಲ್ಲಿಗೆ ದೂರವಾ?"

ಮಾರನೆಯ ದಿನ ನಾವು ಮೂವರೂ ಬಸ್ಸು ಹತ್ತಿದೆವು. ಇಲ್ಲಿ ಅಪ್ಪ ಮುಂದೆ, ಅವಳು ಹಿಂದೆ. ಮುಚ್ಚಿದ ಸಾಮಿಲ್ಲಿನ ಗೇಟು ತೋರಿಸಿದರು. ಒಳಗೆ ಮುಳ್ಳುಗಿಡ ಬೆಳೆದಿತ್ತು. ಧೂಪವಲ್ಲದಿದ್ದರೂ ಆ ಕಾಡಿನ ಯಾವುದಾದರೂ ಮರ ತೋರಿಸೋಣವೆಂದು, ತಾವು ಕೊಯ್ದ ತೊಲೆಗಳಿದ್ದ ಮನೆಗಳನ್ನು ಹುಡುಕುತ್ತ ನಮ್ಮನ್ನು ಬೀದಿಬೀದಿ ಸುತ್ತಿಸಿದರು. ಒಂದು ಮನೆಯ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಿತ್ತು. ಇನ್ನೊಂದಕ್ಕೆ ಕಬ್ಬಿಣದ ಬಾಗಿಲು ಬಂದಿತ್ತು. ಉಕ್ಕಿನ ಕಾರ್ಖಾನೆಯ ಕೆಲಸಗಾರರ ಲೈನಿನ ಮನೆಗಳಲ್ಲಿ ತಾವು ಕೊಯ್ದ ಕಿಟಕಿ ಚೌಕಟ್ಟುಗಳಿವೆ ಎಂದುಕೊಂಡು ಹೋದರೆ, ಎಷ್ಟೋ ಮನೆ ಖಾಲಿ ಬಿದ್ದು ಚೌಕಟ್ಟುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಒಂದು ಮನೆಯ ತಮಿಳು ಅಜ್ಜಿ ಹೊರಗೆ ಬಂದು, "ಯಾರು ಬೇಕು, ಸಾಮಿ?" ಎಂದು ಕೇಳಿದಳು. ಅಪ್ಪ, "ಯಾರೂ ಇಲ್ಲ, ಬಾಗಿಲು ನೋಡೋಕೆ ಬಂದ್ವಿ" ಎಂದರು. ಅಜ್ಜಿ ಬಾಗಿಲು ಹಾಕಿಕೊಂಡಳು.

ಬಿಸಿಲು ಏರಿತ್ತು. ಅವಳ ಕಾಲು ಡಾಂಬರಿನ ಮೇಲೆ ಸುಡುತ್ತಿತ್ತು. ಅವಳು ಏನೂ ಕೇಳಲಿಲ್ಲ, ದೂರಲಿಲ್ಲ, ಅಪ್ಪ ನಿಂತಲ್ಲಿ ನಿಂತು ನಡೆದಲ್ಲಿ ನಡೆದಳು. ಅಪ್ಪನ ಮುಖ ಮಾತ್ರ ಸಣ್ಣದಾಗುತ್ತ ಹೋಯಿತು. ಕೊನೆಗೆ ಹಳೇನಗರದಲ್ಲಿ, ಅವರು ಕೆಲಸಕ್ಕೆ ಹೋಗುವ ಕಾಲದಲ್ಲಿ ದಿನಾ ಕಾಫಿ ಕುಡಿಯುತ್ತಿದ್ದ ಹೋಟೆಲಿಗೆ ಕರೆದುಕೊಂಡು ಹೋದರು. ಹಳೆಯ ಕಟ್ಟಡ. ಮೇಲೆ ಮರದ ಅಟ್ಟ. ವರ್ಷಗಟ್ಟಲೆಯ ಹೊಗೆಗೆ ಹಲಗೆಗಳು ಕರಿಬಿದ್ದು ಮಿರಿಮಿರಿ ಹೊಳೆಯುತ್ತಿದ್ದವು.

ದೋಸೆ ಬಂತು. ಅವಳು ತಿನ್ನದೆ ಮೇಲೆ ನೋಡುತ್ತ, "ಎಷ್ಟು ಅಗಲದ ಹಲಗೆ" ಎಂದಳು.

ಅಪ್ಪ ಅವಳನ್ನು ನೋಡಿದರು. ಆಮೇಲೆ ತಾವೂ ಮೇಲೆ ನೋಡಿದರು.

"ಅದೇ ತಾಯಿ" ಎಂದರು. "ನಿಮ್ಮ ಕಡೆಯ ಧೂಪದ ಮರ ಅದು. ಆ ವರ್ಷ ಬಂದದ್ದು. ನಾನೇ ಕೊಯ್ದಿದ್ದು. ಅಷ್ಟು ದೊಡ್ಡ ದಿಮ್ಮಿ ಇನ್ನೊಂದು ಬರಲಿಲ್ಲ, ಅದಕ್ಕೇ ನೆನಪಿದೆ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳು ಬಹಳ ಹೊತ್ತು ಕತ್ತು ಎತ್ತಿಕೊಂಡೇ ಇದ್ದಳು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂತಲ್ಲಿಂದಲೇ ಅಟ್ಟಕ್ಕೆ ಕೈ ಮುಗಿದಳು. ಗಲ್ಲಾದಲ್ಲಿದ್ದ ಹೋಟೆಲಿನ ಯಜಮಾನರು ಏನಾಯಿತು ಎಂದು ಎದ್ದು ಬಂದರು. ಅಪ್ಪ ಅವರಿಗೂ ಅದೇ ಕತೆ ಹೇಳಿದರು. "ಹೌದಾ ಮೇಸ್ತ್ರಿ? ನಮಗೇ ಗೊತ್ತಿರಲಿಲ್ಲವಲ್ಲ!" ಎಂದು ಅವರು ಬೆರಗಾದರು.

ಸಂಜೆ ಅವಳನ್ನು ಆಸ್ಪತ್ರೆಗೆ ಬಿಟ್ಟು ಮನೆಗೆ ಬರುವಾಗ ಅಪ್ಪ ದಾರಿಯಲ್ಲೇ ನಿಂತು ನನಗೆ ಹೇಳಿದರು. "ಅದು ಧೂಪ ಅಲ್ಲ. ಮತ್ತಿ ಮರ. ನಾನು ಕೊಯ್ದಿದ್ದೂ ಅಲ್ಲ. ನಾನು ಹುಟ್ಟೋ ಮೊದಲೇ ಆ ಅಟ್ಟ ಇತ್ತು."

"ಹಾಗಿದ್ರೆ ಯಾಕೆ ಹೇಳಿದ್ರಿ?"

"ಬೆಳಗ್ಗಿಂದ ಅವಳು ಬರಿಗಾಲಲ್ಲಿ ನಡೆದಳಲ್ಲ" ಎಂದರು. ನನಗೂ ಅದು ದೊಡ್ಡ ತಪ್ಪೆಂದು ಅನ್ನಿಸಲಿಲ್ಲ. ಅವಳ ಮುಖ ನಾನು ನೋಡಿದ್ದೆ.

ಆ ಸುಳ್ಳು ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಅವಳು ಅದನ್ನು ಮನೆಗೆ ಒಯ್ದಳು, ಕೇರಿಗೆಲ್ಲ ಹೇಳಿದಳು. ವರ್ಷಕ್ಕೊಮ್ಮೆ, ಹಿರಿಯರಿಗೆ ಎಡೆಯಿಡುವ ದಿನ ಕಳೆದ ಮೇಲೆ, ಭದ್ರಾವತಿಗೆ ಬರತೊಡಗಿದಳು. ಒಮ್ಮೆ ತನ್ನ ಒಡಹುಟ್ಟಿದ ಅಣ್ಣನನ್ನು ಕರೆತಂದಳು, ಒಮ್ಮೆ ಮಗಳನ್ನು, ಒಮ್ಮೆ ನಡೆಯಲಾರದ ಮುದಿ ದೊಡ್ಡಮ್ಮನನ್ನು. ಹೋಟೆಲಿನಲ್ಲಿ ಅಟ್ಟದ ಕೆಳಗೆ ಕೂತು ಒಂದು ಕಾಫಿ ಕುಡಿದು, ಕೈ ಮುಗಿದು ಹೋಗುವುದು. ಯಜಮಾನರು ಅವರಿಗಾಗಿ ಆ ಮೂಲೆಯ ಮೇಜು ಬಿಡುತ್ತಿದ್ದರು. ಹಾಗೆ ಬಂದಾಗಲೆಲ್ಲ ಶಿವಮೊಗ್ಗದಲ್ಲಿ ಇಳಿದು ನಮ್ಮ ಮನೆಗೂ ಬಂದು ಅಪ್ಪನಿಗೆ ಜೇನನ್ನೋ ವಾಟೆಹುಳಿಯನ್ನೋ ಕೊಟ್ಟು ಹೋಗುತ್ತಿದ್ದಳು. ಅಪ್ಪ ಅದನ್ನು ತೆಗೆದುಕೊಳ್ಳುವಾಗ ಅವಳ ಮುಖ ನೋಡುತ್ತಿರಲಿಲ್ಲ. ಮೊದಮೊದಲು ಅವಳ ಜೊತೆ ಭದ್ರಾವತಿಗೆ ಹೋಗುತ್ತಿದ್ದವರು ಆಮೇಲೆ ಮಂಡಿನೋವು ಎಂದು ಉಳಿದುಬಿಡುತ್ತಿದ್ದರು. ಮೇಷ್ಟ್ರು ಮತ್ತೆ ಕಾಡಿಗೆ ಕರೆದಾಗಲೂ ಅದೇ ಮಂಡಿನೋವು. ಮರ ಮೂಸುವ ಆ ಆಟ ಅವರಿಗೆ ಎಷ್ಟು ಇಷ್ಟವಾಗಿತ್ತೆಂದು ನನಗೆ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಹೋಟೆಲಿನ ಯಜಮಾನರ ಮಕ್ಕಳು ಕಟ್ಟಡ ಕೆಡವಿ ಹೊಸದು ಕಟ್ಟಿಸುವುದೆಂದು ತೀರ್ಮಾನಿಸಿದರು. ಯಜಮಾನರು ಒಳ್ಳೆಯ ಮನಸ್ಸಿನಿಂದ ನಮ್ಮ ಅಂಗಡಿಗೆ ಫೋನು ಮಾಡಿ, ಅಲ್ಲಿ ಕೂತಿದ್ದ ನನಗೆ ಹೇಳಿದರು: "ಮೇಸ್ತ್ರಿಗೆ ಹೇಳಮ್ಮ, ಆ ಹೆಂಗಸಿಗೆ ಅಂತ ಒಂದು ಹಲಗೆ ತೆಗೆದಿಟ್ಟಿದೀನಿ. ಬಂದು ತಗೊಂಡು ಹೋಗಲಿ."

ಅಪ್ಪ ನನ್ನ ಜೊತೆ ಹೋದರು. ಹಲಗೆಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ತುಂಡು ಮಾಡುವಾಗ ಕೊಯ್ದ ಅಂಚು ಹೊಸದಾಗಿ ಕಂದಾಗಿ ಕಾಣುತ್ತಿತ್ತು. ಅಪ್ಪ ಬಗ್ಗಿ ಅದನ್ನು ಮೂಸಿದರು.

"ಅವಳು ಇದನ್ನ ನೋಡಿದ್ರೆ ಒಂದು ಗಳಿಗೆ ಸಾಕು, ಧೂಪ ಅಲ್ಲ ಅಂತ ಗೊತ್ತಾಗುತ್ತೆ" ಎಂದರು.

"ಹಲಗೆ ಒಯ್ಯೋದು ಬೇಡ ಅಪ್ಪ. ಅಟ್ಟ ಬಿಚ್ಚಿದ್ರು, ಯಾರಿಗೋ ಮಾರಿದ್ರು ಅಂತ ಹೇಳಿದ್ರಾಯ್ತು."

"ಆಗ ಅವಳಪ್ಪ ಇನ್ನೊಂದು ಸಲ ಹೋದ ಹಾಗಾಗಲ್ವಾ?" ಎಂದರು. ಆಮೇಲೆ, "ಅವತ್ತು ಬಾಯಿಗೆ ಬಂತು, ಹೇಳಿಬಿಟ್ಟೆ. ಈಗ ಯೋಚನೆ ಮಾಡಿ ಮತ್ತೊಂದು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಹೋಗಿ ನಿಜ ಹೇಳ್ತೀನಿ" ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಹಲಗೆಯನ್ನು ಹೋಟೆಲಿನಲ್ಲೇ ಬಿಟ್ಟು, ಅವಳ ಕೇರಿಗೆ ನಾವು ಹೋದದ್ದು ಮಧ್ಯಾಹ್ನ. ಅವಳು ಅಂಗಳದಲ್ಲಿ ಸೀಗೆಕಾಯಿ ಹರವುತ್ತಿದ್ದಳು. ಗಡಬಡಿಸಿ ಎದ್ದು ಚಾಪೆ ಹಾಕಿದಳು. "ಅಣ್ಣ, ನೀವಾ! ಇಷ್ಟು ದೂರ!" ಎಂದಳು. ನೀರು ಬೆಲ್ಲ ಕೊಟ್ಟಳು. ಅಪ್ಪ ಲೋಟ ಮುಟ್ಟದೆ ಹೇಳಲು ಶುರುಮಾಡಿದರು. ಕಿವುಡರ ದನಿ. ಮೆಲ್ಲಗೆ ಹೇಳಬೇಕಾದದ್ದನ್ನೂ ಅವರು ಮೆಲ್ಲಗೆ ಹೇಳಲಾರರು. ಅಟ್ಟ ಬಿಚ್ಚಿದ್ದು, ಅದು ಮತ್ತಿಯ ಮರವೆಂಬುದು, ತಾವು ಸುಳ್ಳು ಹೇಳಿದ್ದು ಎಲ್ಲವೂ ಅಕ್ಕಪಕ್ಕದ ನಾಲ್ಕು ಮನೆಗೂ ಕೇಳಿಸಿತು. ಅವಳ ಅಣ್ಣ ಹೊರಗೆ ಬಂದು ನಿಂತ. ದೊಡ್ಡಮ್ಮ ಬಾಗಿಲಿನಿಂದ ಇಣುಕಿದಳು. ನಾನು ಅಪ್ಪನ ತೋಳು ಹಿಡಿದು, ಸಾಕು, ಸಾಕು ಎಂದೆ. ಅವರಿಗೆ ಕೇಳಿಸಲಿಲ್ಲ.

ಅವಳು ತುಂಬ ಹೊತ್ತು ಸೀಗೆಕಾಯಿಯ ಮೇಲೆ ಕೈಯಾಡಿಸುತ್ತ ಕೂತಳು.

"ಯಾಕೆ ಹೇಳಿದ್ರಿ?" ಎಂದಳು ಕೊನೆಗೆ. ಹೋಟೆಲಿನಲ್ಲಿ ಹೇಳಿದ್ದನ್ನು ಕೇಳುತ್ತಿದ್ದಾಳೆಂದು ತಿಳಿದು ಅಪ್ಪ ಕ್ಷಮಿಸು ಎನ್ನಲು ಹೊರಟರು. ಅವಳು ತಲೆಯಾಡಿಸಿದಳು. "ಅವತ್ತಿನ ಮಾತಲ್ಲ. ಇವತ್ತು ಯಾಕೆ ಹೇಳಿದ್ರಿ? ಅಟ್ಟ ಹೋಯ್ತು ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಅಲ್ಲಿಗಂಟ ಇಷ್ಟು ವರ್ಷ ಅಪ್ಪಂದೊಂದು ಜಾಗ ಇತ್ತಲ. ಈಗ ಅದೂ ಇರಲಿಲ್ಲ ಅಂದಂಗಾಯ್ತು."

ಇದನ್ನು ಅಪ್ಪನ ಕಿವಿಗೆ ನಾನೇ ಹೇಳಬೇಕಾಯಿತು. ಅವರು ನನ್ನ ಬಾಯನ್ನು ನೋಡುತ್ತ ಕೇಳಿಸಿಕೊಂಡರು. ಆ ಮಾತುಗಳನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತೇನೋ. ಆದರೆ ಆ ದಿನ ಯಾವುದನ್ನೂ ಬದಲಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವಳು ಸಿಟ್ಟು ಮಾಡಲಿಲ್ಲ. ಅನ್ನ ಮಾಡಿ ಬಡಿಸಿದಳು, ಮುರುಗಲಿನ ಸಾರು ಹಾಕಿದಳು, ರಸ್ತೆಯವರೆಗೂ ಬಂದಳು. ಬಸ್ಸು ಕಂಡಾಗ, "ಅಯ್ಯಾ, ಮೆಟ್ಲು ಎತ್ತರ ಐತೆ, ನಿಧಾನ" ಎಂದಳು. ಅಪ್ಪ ಹತ್ತಿ ಕೂತರು.

ಮುಂದಿನ ವರ್ಷ ಅವಳು ಬರಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಜೇನು ಮಾತ್ರ ಒಮ್ಮೆ ಮೇಷ್ಟ್ರ ಕೈಯಲ್ಲಿ ಬಂತು. ಅಪ್ಪ ಬಾಟಲಿಯ ಮುಚ್ಚಳ ತೆಗೆಯದೆ ಕಪಾಟಿನಲ್ಲಿಟ್ಟರು. ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದರು. "ಸುಳ್ಳು ಹೇಳಿದ್ದು ಅವಳಿಗೋಸ್ಕರ. ನಿಜ ಹೇಳಿದ್ದು ನನಗೋಸ್ಕರ" ಎಂದು ಒಮ್ಮೆ, ನಾನು ಕೇಳದೆಯೇ, ಹೇಳಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರು ಹೋದರು. ಅವರ ಇಷ್ಟದಂತೆ ಭದ್ರಾವತಿಯಲ್ಲಿ, ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ಅವಳಿಗೆ ಸುದ್ದಿ ಮುಟ್ಟಿಸಬೇಕೆಂದು ಎಣಿಸಿದವಳು ಆ ದಿನಗಳ ಗಲಾಟೆಯಲ್ಲಿ ಮರೆತೆ.

ಅವಳು ಬಂದದ್ದು ಮತ್ತೊಂದು ವರ್ಷವಾದ ಮೇಲೆ, ಮಗಳ ಜೊತೆ, ಸವಳಂಗ ರಸ್ತೆಯ ನಮ್ಮ ಅಂಗಡಿಗೆ. ಮಗಳಿಗೆ ಯಾವುದೋ ಮಾತ್ರೆ ಬೇಕಿತ್ತು. ಒಳಗೆ ಇಣುಕಿ, "ಅಣ್ಣ ಮನೇಲಿ ಅದಾರಾ?" ಎಂದಳು. ಅಯ್ಯಾ ಎನ್ನಲಿಲ್ಲ. ನಾನು ಹೇಳಿದೆ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ರಸ್ತೆಯಲ್ಲಿ ಬಸ್ಸು, ಆಟೋ, ಶಾಲೆ ಬಿಟ್ಟ ಮಕ್ಕಳು ಹೋಗುತ್ತಲೇ ಇದ್ದರು.

"ಒಂದು ಮಾತು ಹೇಳೋದಿತ್ತು ಅವ್ರಿಗೆ" ಎಂದಳು.

ಏನು ಎಂದು ನಾನು ಕೇಳಿದೆ. ಅವಳು ನನ್ನನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೆಂತಕ್ಕೆ ಬಿಡಿ ಅಮ್ಮ" ಎಂದಳು. ಅಷ್ಟರಲ್ಲಿ ಮಗಳು ತೀರ್ಥಹಳ್ಳಿ ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡಿದಳು. ನಾನು ಮಾತ್ರೆಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ಅವರು ಜನರ ನಡುವೆ ಹೋಗುವುದನ್ನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಅವಳನ್ನು ನಾನು ಕಂಡಿಲ್ಲ.